ಜೇಜು ದ್ವೀಪಕ್ಕೆ ಹೋಗುವವರು ಊಟದ ಪೊಟ್ಟಣ ಒಯ್ಯಬೇಕಾಗಿಲ್ಲ

ಮಾನ್ಯ ಸಂಪಾದಕರಿಗೆ ವಂದನೆಗಳು.

ತಮ್ಮ ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ದಕ್ಷಿಣ ಕೊರಿಯಾದ ಜೇಜು ದ್ವೀಪವನ್ನು ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಹಲ್ಲಾಸಾನ್ ಪರ್ವತ, ಲಾವಾ ಹರಿದು ಆದ ಗುಹೆಗಳು, ಸೊಂಗ್‌ಸಾನ್‌ನ ಸೂರ್ಯೋದಯ, ಧಾರಾವಾಹಿಗಳ ಚಿತ್ರೀಕರಣ ನಡೆದ ಕಡಲದಂಡೆ ಇವೆಲ್ಲವನ್ನೂ ಲೇಖಕರು ಸೊಗಸಾಗಿಯೇ ವರ್ಣಿಸಿದ್ದಾರೆ. ಆದರೆ ಲೇಖನದ ಕೊನೆಯಲ್ಲಿ ಚೌಕಟ್ಟು ಹಾಕಿ ಕೊಟ್ಟ ಸಲಹೆಗಳಲ್ಲಿ ಒಂದನ್ನು ನಾನು ಒಪ್ಪಲಾರೆ. ಅಲ್ಲಿ ನಮ್ಮವರ ಬಾಯಿಗೆ ಹಿಡಿಸುವಂಥದ್ದು ಏನೂ ಸಿಗುವುದಿಲ್ಲವೆಂದೂ, ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟು, ಬಿಸಿಬೇಳೆಬಾತುಗಳ ಪೊಟ್ಟಣಗಳನ್ನು ಊರಿನಿಂದಲೇ ಒಯ್ಯುವುದು ಲೇಸೆಂದೂ ಅವರು ಬರೆದಿದ್ದಾರೆ. ಸುವೋನ್ ನಗರದಲ್ಲಿ ನೌಕರಿಯಲ್ಲಿರುವ ಮಗಳು ಮತ್ತು ಅಳಿಯನೊಂದಿಗೆ ಜೂನ್ ತಿಂಗಳ ಆರಂಭದಲ್ಲಿ ಆ ದ್ವೀಪಕ್ಕೆ ಹೋಗಿ, ಒಂದು ಇಡೀ ದಿನವನ್ನು ಅಲ್ಲಿಯ ತಿಂಡಿತೀರ್ಥಗಳಿಗೇ ಮೀಸಲಿಟ್ಟು ತಿರುಗಾಡಿದ ನನಗೆ, ಈ ಸಲಹೆಯನ್ನು ಪಾಲಿಸುವ ಪ್ರವಾಸಿಗರು ಜೇಜುವಿನಲ್ಲಿ ನೋಡಬೇಕಾದುದರ ಅರ್ಧ ಭಾಗವನ್ನು ನೋಡದೆಯೇ ಹಿಂದಿರುಗುತ್ತಾರೆ ಅನ್ನಿಸಿದೆ. ಆದ್ದರಿಂದ ಈ ಪತ್ರ. ಸ್ವಲ್ಪ ದೀರ್ಘವಾದರೆ ಕ್ಷಮೆಯಿರಲಿ.

ಮೊದಲು ಹೇಳಬೇಕಾದುದೆಂದರೆ, ಜೇಜುವಿನ ಅಡುಗೆ ಸಿರಿವಂತರ ಅಡುಗೆಯಲ್ಲ, ಕೊರತೆಯಲ್ಲಿ ಹುಟ್ಟಿದ್ದು. ದ್ವೀಪದ ನಡುವೆ 1,947 ಮೀಟರ್ ಎತ್ತರಕ್ಕೆ ನಿಂತಿರುವ ಹಲ್ಲಾಸಾನ್ ದಕ್ಷಿಣ ಕೊರಿಯಾದಲ್ಲೇ ಅತಿ ಎತ್ತರದ ಪರ್ವತ. ಮಳೆ ಧಾರಾಳವಾಗಿ ಬೀಳುತ್ತದೆ, ಆದರೆ ರಂಧ್ರಗಳಿಂದ ತುಂಬಿದ ಕಪ್ಪು ಬಸಾಲ್ಟ್ ಕಲ್ಲು ಮತ್ತು ಜ್ವಾಲಾಮುಖಿಯ ಬೂದಿಮಣ್ಣು ಆ ನೀರನ್ನು ಮೇಲೆ ನಿಲ್ಲಗೊಡುವುದಿಲ್ಲ. ಹೊಳೆಗಳು ಮಳೆ ನಿಂತ ಕೂಡಲೇ ಒಣಗುತ್ತವೆ, ಇಂಗಿದ ನೀರು ಕಡಲಂಚಿನಲ್ಲಿ ಒರತೆಯಾಗಿ ಮೇಲೇಳುತ್ತದೆ. ಹಳೆಯ ಊರುಗಳು ದಂಡೆಯುದ್ದಕ್ಕೂ ಕಟ್ಟಿಕೊಂಡಿರುವುದಕ್ಕೆ ಇದೇ ಕಾರಣ. ಹೆಂಗಸರು ಮಣ್ಣಿನ ಗಡಿಗೆಯನ್ನು ಬುಟ್ಟಿಯಲ್ಲಿಟ್ಟು ಬೆನ್ನಿಗೆ ಕಟ್ಟಿಕೊಂಡು ಆ ಒರತೆಗಳಿಂದ ನೀರು ಹೊರುತ್ತಿದ್ದರು. ಇಂಥ ನೆಲದಲ್ಲಿ ಭತ್ತ ಬೆಳೆಯುವುದು ಕಷ್ಟ. ಕೊರಿಯಾದ ಮುಖ್ಯಭೂಮಿಯವರು ಅನ್ನ ಉಣ್ಣುತ್ತಿದ್ದ ಕಾಲದಲ್ಲಿ ಜೇಜುವಿನವರು ಬಾರ್ಲಿ, ನವಣೆ ಮತ್ತು ಕುಟ್ಟು ಎಂದೂ ಕರೆಯುವ ಬಕ್‌ವೀಟ್ ತಿಂದು ಬದುಕಿದರು. ಬಿಳಿ ಅನ್ನ ಅವರಿಗೆ ಸಿಗುತ್ತಿದ್ದುದು ಹಿರಿಯರ ಶ್ರಾದ್ಧಕ್ಕೋ ಮದುವೆಗೋ ಮಾತ್ರ. ಸಾಲದ್ದಕ್ಕೆ, 1629ರಿಂದ ಸುಮಾರು 200 ವರ್ಷಗಳ ಕಾಲ ದ್ವೀಪದ ಜನ ಹೊರಗೆ ಹೋಗಕೂಡದೆಂದು ಆಗ ಕೊರಿಯಾವನ್ನು ಆಳುತ್ತಿದ್ದ ಜೋಸೊನ್ ವಂಶದ ಅರಸರು ನಿರ್ಬಂಧ ಹಾಕಿದ್ದರು. ಊರು ಬಿಟ್ಟು ಹೋಗುವಂತಿಲ್ಲ, ಇದ್ದ ಒಳ್ಳೆಯ ಪದಾರ್ಥವನ್ನು ಉಣ್ಣುವಂತೆಯೂ ಇಲ್ಲ: ಕಡಲಿನ ಅಬಲೋನ್, ತೋಟದ ಕಿತ್ತಳೆ, ಹುಲ್ಲುಗಾವಲಿನ ಕುದುರೆ ಎಲ್ಲವೂ ಕಪ್ಪಕಾಣಿಕೆಯಾಗಿ ರಾಜಧಾನಿಗೆ ಹೋಗಬೇಕಾಗಿತ್ತು. ಇಂದು ಪ್ರವಾಸಿಗರು ದುಡ್ಡು ಕೊಟ್ಟು ತಿನ್ನುವ ‘ಜೇಜು ವಿಶೇಷ’ಗಳಲ್ಲಿ ಅರ್ಧದಷ್ಟು ಈ ಕಪ್ಪದ ಪದಾರ್ಥಗಳು, ಉಳಿದರ್ಧ ಕಪ್ಪ ಕೊಟ್ಟ ಮೇಲೆ ಬಡವರ ಮನೆಯಲ್ಲಿ ಉಳಿದದ್ದರಿಂದ ಆದವು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ತಿಂದರೆ ರುಚಿಯೇ ಬೇರೆ.

ನಮ್ಮ ದಿನ ಆರಂಭವಾದುದು ದ್ವೀಪದ ಪೂರ್ವ ದಂಡೆಯ ಒಂದು ಊಟದ ಮನೆಯಲ್ಲಿ. ಊರಿನ ಮೀನುಗಾರಿಕಾ ಸಂಘದ ಹೇನ್ಯೊಗಳೇ, ಎಂದರೆ ಮುಳುಗುವ ಹೆಂಗಸರೇ, ಸೇರಿ ನಡೆಸುವ ಇಂತಹ ಊಟದ ಮನೆಗಳು ದಂಡೆಯುದ್ದಕ್ಕೂ ಇವೆ. ಬೆಳಗಿನ ಉಪಾಹಾರಕ್ಕೆ ಅಬಲೋನ್ ಗಂಜಿ ತರಿಸಿದೆವು. ಅಬಲೋನ್ ಎಂಬುದು ಬಂಡೆಗೆ ಅಂಟಿಕೊಂಡಿರುವ, ಒಂದೇ ಚಿಪ್ಪಿನ ಕಡಲ ಬಸವನಹುಳು. ಇದರ ಗಂಜಿ ಬೆಳ್ಳಗಿರುತ್ತದೆಂದು ನಾನು ಎಣಿಸಿದ್ದೆ, ಬಂದದ್ದು ಹಸಿರು ಬೆರೆತ ಹಳದಿ ಬಣ್ಣದ್ದು. ಅದರ ಕರುಳನ್ನು ಬಿಸಾಡದೆ ಅಕ್ಕಿಯೊಂದಿಗೆ ಎಳ್ಳೆಣ್ಣೆಯಲ್ಲಿ ಬಾಡಿಸಿ, ಆಮೇಲೆ ನೀರು ಹೊಯ್ದು ಬೇಯಿಸುತ್ತಾರೆ. ಪಾಚಿ ತಿಂದು ಬೆಳೆದ ಜೀವಿಯಾದ್ದರಿಂದ ಕರುಳಿಗೆ ಆ ಬಣ್ಣ. ಮಾಂಸದ ತೆಳು ಹೋಳುಗಳು ಹಲ್ಲಿಗೆ ಸಿಗುವಷ್ಟು ಗಟ್ಟಿ, ಗಂಜಿ ಮಾತ್ರ ನುಣ್ಣಗೆ. ಕಾಯಿಲೆಯವರಿಗೂ ಬಾಣಂತಿಯರಿಗೂ ಕೊಡುವ ಪಥ್ಯದ ಗಂಜಿ ಇದು, ಖಾರದ ಸುಳಿವೇ ಇಲ್ಲ. ಕೊರಿಯಾದ ಊಟವೆಂದರೆ ಬರೀ ಕೆಂಪು ಮೆಣಸಿನ ಹಿಟ್ಟು ಎಂದುಕೊಂಡವರು ಒಮ್ಮೆ ಉಂಡು ನೋಡಬೇಕು. ಒಂದು ಮಾತನ್ನು ಮುಚ್ಚಿಡದೆ ಹೇಳುವುದು ಒಳ್ಳೆಯದು: ಇಂದು ಗಂಜಿಗೆ ಬೀಳುವ ಅಬಲೋನ್ ಬಹುಮಟ್ಟಿಗೆ ಸಾಕಿದ್ದು. ದೇಶದ ಅಬಲೋನ್ ಸಾಕಣೆಯ ದೊಡ್ಡ ಪಾಲು ಮುಖ್ಯಭೂಮಿಯ ದಕ್ಷಿಣದ ವಾಂಡೊ ದ್ವೀಪಗಳಲ್ಲಿ ನಡೆಯುತ್ತದೆ. ಮುಳುಗಿ ತೆಗೆದ ಅಬಲೋನ್ ಬೇಕೆಂದರೆ ಬೆಲೆ ಬಹಳ, ಸಿಗುವುದೂ ಅಪರೂಪ.

ಈ ಹೇನ್ಯೊಗಳ ಬಗ್ಗೆ ತಮ್ಮ ಲೇಖನದಲ್ಲಿ ಒಂದೇ ವಾಕ್ಯವಿತ್ತು, ಅದೂ ಅವರ ‘ಪ್ರದರ್ಶನ’ ಎಷ್ಟು ಹೊತ್ತಿಗೆ ಎಂಬುದರ ಬಗ್ಗೆ. 2016ರಲ್ಲಿ ಯುನೆಸ್ಕೊ ಈ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆಮ್ಲಜನಕದ ಸಿಲಿಂಡರ್ ಇಲ್ಲದೆ, ಉಸಿರು ಬಿಗಿಹಿಡಿದು ಸುಮಾರು 10 ಮೀಟರ್ ಆಳಕ್ಕೆ ಇಳಿದು, ಒಂದು ನಿಮಿಷದಷ್ಟು ಹೊತ್ತಿನಲ್ಲಿ ಕೈಗೆ ಸಿಕ್ಕಿದ್ದನ್ನು ಕಿತ್ತುಕೊಂಡು ಮೇಲೆ ಬರುವ ಈ ಹೆಂಗಸರಲ್ಲಿ 80 ದಾಟಿದವರೂ ಇದ್ದಾರೆ. ಮೇಲೆ ಬಂದೊಡನೆ ತಡೆಹಿಡಿದ ಉಸಿರನ್ನು ಸಿಳ್ಳೆಯಂತೆ ಹೊರಬಿಡುತ್ತಾರೆ. ದಂಡೆಯಲ್ಲಿ ನಿಂತವರಿಗೆ ಅವರ ತಲೆ ಕಾಣಿಸುವುದಕ್ಕೆ ಮೊದಲೇ ಆ ಸಿಳ್ಳೆ ಕೇಳಿಸುತ್ತದೆ. 1970ರ ಸುಮಾರಿಗೆ 14 ಸಾವಿರದಷ್ಟಿದ್ದ ಅವರ ಸಂಖ್ಯೆ ಈಗ 3 ಸಾವಿರಕ್ಕೂ ಕಡಿಮೆಯಾಗಿದೆ, ಇರುವವರಲ್ಲಿ ಬಹುಪಾಲು 60 ಮೀರಿದವರು. ಮಗಳಂದಿರು ಓದಿ ನಗರ ಸೇರಿದ್ದಾರೆ, ಅದನ್ನು ಯಾರೂ ತಪ್ಪೆನ್ನಲಾಗದು.

ಗಂಜಿಯ ಜತೆಗೆ ಸುಟ್ಟ ಶಂಖುಹುಳು ಸಿಗುತ್ತದೆಯೇ ಎಂದು ಮಗಳ ಮೂಲಕ ಕೇಳಿಸಿದೆ. ಗೋಡೆಯ ಮೇಲೆ ಅದರ ಚಿತ್ರವೇನೋ ಇತ್ತು. ಅಡುಗೆಮನೆಯ ಕಿಟಕಿಯಲ್ಲಿ ಕಾಣುತ್ತಿದ್ದ ಅಜ್ಜಿ ಎರಡೂ ಕೈಗಳನ್ನು ಅಡ್ಡವಾಗಿ ಹಿಡಿದು ‘ಇಲ್ಲ’ ಎಂದರು. ಆಮೇಲೆ ಹೊರಗೆ ಬಂದು, ಈಗ ಅವು ಮೊಟ್ಟೆಯಿಡುವ ಕಾಲ, ಸೆಪ್ಟೆಂಬರಿನಲ್ಲಿ ಬನ್ನಿ ಎಂದು ವಿವರಿಸಿದರು. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಈ ಶಂಖುಹುಳುವನ್ನು ತೆಗೆಯುವಂತಿಲ್ಲ, 7 ಸೆಂಟಿಮೀಟರಿಗಿಂತ ಸಣ್ಣದನ್ನು ಯಾವ ಕಾಲದಲ್ಲೂ ಮುಟ್ಟುವಂತಿಲ್ಲ. ನಮ್ಮ ಕರಾವಳಿಯಲ್ಲೂ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆ. ಆದರೆ ಆ ಎರಡು ತಿಂಗಳು ನಮ್ಮ ಪೇಟೆಯ ಹೋಟೆಲುಗಳ ಫಲಕದಲ್ಲಿ ಒಂದು ಮೀನಿನ ಹೆಸರೂ ಕಡಿಮೆಯಾಗುವುದಿಲ್ಲ, ಹೊರಗಿನಿಂದ ಬಂದ ಮಂಜುಗಡ್ಡೆಯ ಮೀನು ನಡೆಯುತ್ತದೆ. ಗಿರಾಕಿಗೆ ಮುಖಕ್ಕೆ ಹೊಡೆದಂತೆ ‘ಈಗ ಅದರ ಕಾಲವಲ್ಲ’ ಎಂದು ಹೇಳುವ ಅಜ್ಜಿ ನಮ್ಮಲ್ಲೂ ಇದ್ದರೆ ಎಷ್ಟು ಚೆನ್ನ. ಶಂಖುಹುಳುವಿನ ಬದಲು ಅವರು ಕೊಟ್ಟದ್ದು ಸೀ ಅರ್ಚಿನ್ ಹಾಕಿದ ಕಡಲಸೊಪ್ಪಿನ ಸಾರು. ಮೈಯೆಲ್ಲ ಮುಳ್ಳಿನ ಈ ಜೀವಿಯನ್ನು ಒಡೆದರೆ ಒಳಗೆ ಕೇಸರಿ ಬಣ್ಣದ ಎಸಳುಗಳಿರುತ್ತವೆ, ಬೇಸಿಗೆಯ ಆರಂಭವೇ ಅದಕ್ಕೆ ಕಾಲ. ಬಿಸಿ ಸಾರಿನಲ್ಲಿ ಆ ಎಸಳು ಬೆಣ್ಣೆಯ ಹಾಗೆ ಕರಗಿ, ಸಾರಿಗೆಲ್ಲ ಕಡಲಿನ ಸಿಹಿ ಹಿಡಿಯಿತು.

ಅಲ್ಲಿಂದ ಒಳನಾಡಿಗೆ ತಿರುಗಿ ಸೊಂಗುಪ್ ಎಂಬ ಹಳೆಯ ಹಳ್ಳಿಗೆ ಹೋದೆವು. ಹುಲ್ಲಿನ ಹೊದಿಕೆಯ ಮಾಡನ್ನು ಗಾಳಿ ಎತ್ತಿಕೊಂಡು ಹೋಗದಂತೆ ಹಗ್ಗದಿಂದ ಬಿಗಿದ ಕಲ್ಲಿನ ಮನೆಗಳು, ಸುತ್ತ ಕರಿಗಲ್ಲಿನ ಪಾಗಾರಗಳು. ಹೊಲಗಳ ಸುತ್ತಣ ಇಂಥ ಕಲ್ಲುಗೋಡೆಗಳಿಗೆ 2014ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂಬ ಮಾನ್ಯತೆ ಕೊಟ್ಟಿದೆ. ಆದರೆ ನಾವು ಹೋದದ್ದು ನವಣೆಯ ಹೆಂಡಕ್ಕಾಗಿ. ಹೌದು, ನಮ್ಮ ಬಯಲುಸೀಮೆಯ ಅದೇ ನವಣೆ, ಅದರಲ್ಲೇ ಅಂಟಾಗುವ ಒಂದು ಜಾತಿ. ಅಕ್ಕಿಯಿಲ್ಲದ ದ್ವೀಪದಲ್ಲಿ ಹೆಂಡಕ್ಕೂ ನವಣೆಯೇ ಗತಿ. ಅದರ ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ, ನಡುವೆ ತೂತಿರುವ ಬಳೆಗಳಂತೆ ತಟ್ಟಿ, ಕುದಿಯುವ ನೀರಿನಲ್ಲಿ ಬೇಯಿಸಿ, ಬೆಂದ ಬಳೆಗಳನ್ನು ಕಿವುಚಿ, ನುರುಕ್ ಎಂಬ ಹುದುಗಿನ ಬಿಲ್ಲೆಯ ಪುಡಿ ಬೆರೆಸಿ ಗಡಿಗೆಯಲ್ಲಿ ಇಡುತ್ತಾರೆ. ಇದು ಓಮೆಗಿಸುಲ್. ಇದನ್ನೇ ಮಣ್ಣಿನ ಭಟ್ಟಿಯಲ್ಲಿ ಬಟ್ಟಿಯಿಳಿಸಿದರೆ ಗೊಸೊರಿಸುಲ್ ಎಂಬ ಕಡುಮದ್ಯ, ಅದರಲ್ಲಿ ಶೇಕಡ 40ರಷ್ಟು ಮದ್ಯಸಾರ. 13ನೇ ಶತಮಾನದಲ್ಲಿ ಮಂಗೋಲರು ದ್ವೀಪವನ್ನು ವಶಪಡಿಸಿಕೊಂಡು ಕುದುರೆ ಸಾಕಣೆ ನಡೆಸಿದಾಗ ಬಟ್ಟಿಯಿಳಿಸುವ ವಿದ್ಯೆಯೂ ಅವರೊಂದಿಗೆ ಬಂತೆನ್ನುತ್ತಾರೆ. ಅಳಿಯ ಕಾರು ಓಡಿಸುತ್ತಿದ್ದುದರಿಂದ ಮೂಸಿ ನೋಡುವುದರಲ್ಲೇ ತೃಪ್ತಿಪಟ್ಟ. ಕೊರಿಯಾದಲ್ಲಿ 2019ರಿಂದ ರಕ್ತದಲ್ಲಿ ಮದ್ಯದ ಮಿತಿ 0.03 ಶೇಕಡ, ಪೊಲೀಸರೂ ಬಿಡುವವರಲ್ಲ. ಮಗಳು ಒಂದು ಸಣ್ಣ ಸೀಸೆ ಕೊಂಡಳು. ನಾನು ಚಮಚದಷ್ಟು ಓಮೆಗಿಸುಲ್ ಬಾಯಿಗೆ ಹಾಕಿಕೊಂಡೆ. ಹುಳಿ, ಸಿಹಿ, ಹಿಂದೆಯೇ ಧಾನ್ಯದ ಸಣ್ಣ ಕಹಿ. ನನ್ನಂಥವಳು ಇದಕ್ಕಿಂತ ಹೆಚ್ಚು ಹೇಳಿದರೆ ಅಧಿಕಪ್ರಸಂಗವಾದೀತು.

ಮಧ್ಯಾಹ್ನದ ಊಟವೇ ಆ ದಿನದ ಮುಖ್ಯ ಸಂಗತಿ. ದಕ್ಷಿಣ ದಂಡೆಯಲ್ಲಿ, ಸೊಗ್ವಿಪೊ ನಗರದ ಅಂಚಿನಲ್ಲಿರುವ ಬೊಮೊಕ್ ಬಂದರು ಜಾರಿ ಎಂಬ ಪುಟ್ಟ ಮೀನಿಗೆ ಹೆಸರಾದದ್ದು. ಬೆರಳುದ್ದದಿಂದ ಗೇಣಿನ ಒಳಗಿನ, ಕಂದು ಬಣ್ಣದ, ನೋಡಲು ಏನೂ ವಿಶೇಷವಿಲ್ಲದ ಮೀನು ಅದು. ಬಂಡೆಗಳ ಬಳಿ ಗುಂಪಾಗಿರುತ್ತದೆ. ಬಲೆಯನ್ನು ನೀರಿನಡಿಗೆ ಇಳಿಸಿಟ್ಟು, ಗುಂಪು ಅದರ ಮೇಲೆ ಬಂದ ಕ್ಷಣ ಮೇಲಕ್ಕೆತ್ತಿ ಹಿಡಿಯುತ್ತಾರೆ. ಮೇ ತಿಂಗಳಿನಿಂದ ಜುಲೈವರೆಗೆ ಅದರ ಮುಳ್ಳು ಮೃದುವಾಗಿರುತ್ತದೆ, ಮುಳ್ಳಿನ ಸಮೇತ ತೆಳ್ಳಗೆ ಹೆಚ್ಚಿ ಹಸಿಯಾಗಿಯೇ ತಿನ್ನುವುದು ವಾಡಿಕೆ. ತಣ್ಣೀರಿಗೆ ದ್ವೆನ್‌ಜಾಂಗ್, ಎಂದರೆ ಹುದುಗಿಸಿದ ಸೋಯಾ ಕಾಳಿನ ಮುದ್ದೆ, ಕಲಸಿ, ವಿನಿಗರ್ ಹಾಕಿ, ಸೌತೆಕಾಯಿ, ಈರುಳ್ಳಿ, ಹಸಿಮೆಣಸು, ಮೀನಿನ ಹೋಳು ಬೆರೆಸಿ, ಮೇಲೆ ಮಂಜುಗಡ್ಡೆಯ ಚೂರು ಹಾಕಿ ತಂದಿಡುವ ಈ ತಣ್ಣನೆಯ ಸಾರಿಗೆ ಜಾರಿ ಮುಲ್‌ಹ್ವೆ ಎಂದು ಹೆಸರು. ಮುಖ್ಯಭೂಮಿಯಲ್ಲಿ ಇದೇ ಬಗೆಯ ಸಾರನ್ನು ಮೆಣಸಿನ ಮುದ್ದೆ ಹಾಕಿ ಕೆಂಪಗೆ ಮಾಡುತ್ತಾರೆ, ಜೇಜುವಿನ ಹಳಬರು ಅದನ್ನು ಒಪ್ಪುವುದಿಲ್ಲ. ಕಡಲ ಕೆಲಸಕ್ಕೂ ಹೊಲದ ಕೆಲಸಕ್ಕೂ ಹೋಗುವವರು ಒಲೆ ಹಚ್ಚಲು ಪುರಸೊತ್ತಿಲ್ಲದೆ, ಬಾವಿಯ ನೀರಿಗೆ ಮನೆಯ ಸೋಯಾ ಮುದ್ದೆ ಕರಡಿ ಬಾರ್ಲಿ ಅನ್ನದೊಂದಿಗೆ ಉಣ್ಣುತ್ತಿದ್ದ ಊಟ ಇದು.

ಹಸಿ ಮೀನು ಎಂದೊಡನೆ ನಾನು ಹಿಂಜರಿದದ್ದು ನಿಜ. ಆದರೆ ಬಟ್ಟಲು ಎದುರಿಗೆ ಬಂದಾಗ ಮೂಗಿಗೆ ಬಡಿದ ವಾಸನೆ ನನ್ನನ್ನು ಚಕಿತಗೊಳಿಸಿತು. ನಮ್ಮ ಕುಮಟಾ ಕಡೆಯ ಬಂಗಡೆ ಸಾರಿಗೆ ಹಾಕುವ ಜುಮ್ಮನಕಾಯಿಯ, ಕೊಂಕಣಿಯವರು ತೆಪ್ಪಾಳ ಎನ್ನುತ್ತಾರಲ್ಲ, ಅದರ ವಾಸನೆ ಅದು. ಪಕ್ಕದಲ್ಲಿ ಬೇರೆ ತಟ್ಟೆಯಲ್ಲಿ ಚಿಕ್ಕ ಚಿಕ್ಕ ಎಲೆಗಳನ್ನು ಇಟ್ಟಿದ್ದರು, ಬೇಕಾದಷ್ಟನ್ನು ಚಿವುಟಿ ಸಾರಿಗೆ ಹಾಕಿಕೊಳ್ಳಬೇಕು. ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಅಂಚಿನ ಹಲ್ಲುಗಳ ನಡುವೆ ಎಣ್ಣೆಯ ಸಣ್ಣ ಚುಕ್ಕೆಗಳು ಕಾಣುತ್ತಿದ್ದವು. ಕಚ್ಚಿದರೆ ನಾಲಗೆಯ ತುದಿ ಜುಮ್ಮೆಂದಿತು. ಜೇಜುವಿನವರು ಜೆಪಿ ಎನ್ನುವ ಈ ಗಿಡ ಮತ್ತು ನಮ್ಮ ಜುಮ್ಮನಕಾಯಿಯ ಮರ ಒಂದೇ ಕುಲದವು. ಅವರು ಎಲೆಯನ್ನು ಹಸಿಮೀನಿಗೆ ಬಳಸುತ್ತಾರೆ, ನಾವು ಒಣಗಿದ ಕಾಯಿಯ ಸಿಪ್ಪೆಯನ್ನು ಜಜ್ಜಿ ಕುದಿಯುವ ಸಾರಿಗೆ ಹಾಕುತ್ತೇವೆ, ಉದ್ದೇಶ ಮಾತ್ರ ಎರಡೂ ಕಡೆ ಮೀನಿನ ಹಸಿ ವಾಸನೆಯನ್ನು ಅಡಗಿಸುವುದೇ. ನಮ್ಮ ಬಾಯಿಗೆ ಹಿಡಿಸುವಂಥದ್ದು ಅಲ್ಲಿ ಸಿಗುವುದಿಲ್ಲವೆಂಬ ಲೇಖಕರ ಮಾತಿಗೆ ನನ್ನ ಮೊದಲ ಆಕ್ಷೇಪ ಹುಟ್ಟಿದ್ದು ಆ ಬಟ್ಟಲಿನ ಎದುರಿಗೇ. ಮೀನಿನ ಮುಳ್ಳನ್ನು ಮಾತ್ರ ತಾಳ್ಮೆಯಿಂದ ಅಗಿಯಬೇಕು, ದವಡೆ ಗಟ್ಟಿಯಿಲ್ಲದವರು ಬೇಯಿಸಿದ ಗಲ್ಚಿ ಸಾರು ತರಿಸಿಕೊಳ್ಳುವುದು ಒಳಿತು.

ಈ ಗಲ್ಚಿ ನಮ್ಮ ಕರಾವಳಿಯ ಬಂದರುಗಳಲ್ಲೂ ಬೀಳುವ, ಬೆಳ್ಳಿಬಣ್ಣದ ಉದ್ದನೆಯ ರಿಬ್ಬನ್ ಮೀನಿನ ಜಾತಿ. ಜೇಜುವಿನವರು ಅದನ್ನು ಬಲೆಯ ಬದಲು ಗಾಳದಿಂದ ಹಿಡಿಯುತ್ತಾರೆ, ಹಾಗಾಗಿ ಮೈಯ ಬೆಳ್ಳಿ ಕೆದರುವುದಿಲ್ಲ. ಸಿಹಿಗುಂಬಳದ ಹೋಳು, ಎಳೆಯ ಕೋಸಿನೆಲೆ, ಹಸಿಮೆಣಸು ಇಷ್ಟೇ ಹಾಕಿ ತಿಳಿಯಾಗಿ ಕುದಿಸುತ್ತಾರೆ. ಮೀನು ಒಂದು ದಿನ ಹಳೆಯದಾದರೂ ಈ ಸಾರು ನಾರುತ್ತದೆ, ಆದ್ದರಿಂದಲೇ ದ್ವೀಪದ ಹೊರಗೆ ಇದನ್ನು ಹೆಚ್ಚಾಗಿ ಯಾರೂ ಮಾಡುವುದಿಲ್ಲ. ಮೀನಿನ ಜತೆ ಸಿಹಿಗುಂಬಳವೇ ಎಂದು ಮೂಗು ಮುರಿಯುವವರಿಗೆ ನಾನು ಹೇಳುವುದು, ಒಮ್ಮೆ ತಿಂದು ಆಮೇಲೆ ಮುರಿಯಿರಿ.

ಊಟದ ನಂತರ ಸೊಗ್ವಿಪೊದ ಮಾರುಕಟ್ಟೆ. ಇಲ್ಲಿ ಸಸ್ಯಾಹಾರಿಗಳ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಲೇಖಕರ ಸಲಹೆಯ ಹಿಂದೆ ಇದ್ದದ್ದು ಅವರ ಕಾಳಜಿಯೇ ಇರಬಹುದು. ಬಿಂಗ್‌ತೋಕ್ ಎಂಬ ತಿಂಡಿಯೊಂದಿದೆ: ಬಕ್‌ವೀಟ್ ಹಿಟ್ಟನ್ನು ನೀರಾಗಿ ಕಲಸಿ ತೆಳ್ಳಗೆ ಹೊಯ್ದು, ಉಪ್ಪು ಎಳ್ಳು ಹಾಕಿ ಬೇಯಿಸಿದ ಮೂಲಂಗಿ ತುರಿಯನ್ನು ಒಳಗಿಟ್ಟು ಸುರುಳಿ ಸುತ್ತುತ್ತಾರೆ. ಹಿಂದೆ ಹಂದಿಕೊಬ್ಬು ಸವರಿ ಹೊಯ್ಯುತ್ತಿದ್ದರು, ಈಗ ಬಹಳ ಕಡೆ ಎಣ್ಣೆ, ಆದರೂ ಕೇಳಿಯೇ ತಿನ್ನಬೇಕು. ರುಚಿ ತೀರ ಸಪ್ಪೆ, ಆದರೆ ಎರಡನೆಯದನ್ನು ಕೈ ತಾನಾಗಿಯೇ ಎತ್ತಿಕೊಳ್ಳುತ್ತದೆ. ಬಕ್‌ವೀಟ್ ಎಂದರೆ ಉತ್ತರ ಭಾರತದವರು ಉಪವಾಸಕ್ಕೆ ಬಳಸುವ ಕುಟ್ಟು. ಕೊರಿಯಾದಲ್ಲಿ ಅದನ್ನು ಅತಿ ಹೆಚ್ಚು ಬೆಳೆಯುವುದು ಜೇಜುವಿನಲ್ಲೇ. ದ್ವೀಪದ ಪುರಾಣದಲ್ಲಿ ಜಚೊಂಗ್ಬಿ ಎಂಬ ಬೇಸಾಯದ ದೇವತೆ ಸ್ವರ್ಗದಿಂದ ಧಾನ್ಯದ ಬೀಜಗಳನ್ನು ತರುವಾಗ ಒಂದನ್ನು ಮರೆತು, ಮತ್ತೆ ಹೋಗಿ ತಂದಳಂತೆ. ಹಾಗೆ ತಡವಾಗಿ ಬಂದ ಬೀಜವೇ ಬಕ್‌ವೀಟ್, ಬೇರೆಲ್ಲ ಬಿತ್ತಿದ ಮೇಲೆ ಬಿತ್ತಿದರೂ ಕೈಗೆ ಬರುವ ಬೆಳೆ. ಇನ್ನೊಂದು ತಿಂಡಿ ಓಮೆಗಿತೋಕ್. ಹೆಂಡಕ್ಕಾಗಿ ಬೇಯಿಸುತ್ತಿದ್ದ ಅದೇ ನವಣೆ ಬಳೆಯ ಇಂದಿನ ರೂಪ. ಈಗ ಅಂಗಡಿಗಳಲ್ಲಿ ಮಾರುವ ಉಂಡೆಗಳಲ್ಲಿ ನವಣೆಗಿಂತ ಅಂಟಕ್ಕಿಯೇ ಹೆಚ್ಚು, ಹೊರಗೆ ಬೆಂದ ಕೆಂಪು ಅಲಸಂದೆಯಂಥ ಕಾಳಿನ ಹೊದಿಕೆ. ಸಸ್ಯಾಹಾರಿಗಳು ಧಾರಾಳವಾಗಿ ತಿನ್ನಬಹುದು. ಎಚ್ಚರ ಬೇಕಾದದ್ದು ಸಾರುಗಳಲ್ಲಿ: ತರಕಾರಿಯಷ್ಟೇ ಕಾಣುವ ಸಾರಿನ ತಳದಲ್ಲೂ ಒಣ ನೆತ್ತಿಲಿ ಮೀನಿನ ಕಷಾಯವಿರುತ್ತದೆ, ಕಿಮ್ಚಿ ಎಂಬ ಹುದುಗಿಸಿದ ಕೋಸಿನ ಉಪ್ಪಿನಕಾಯಿಯಲ್ಲೂ ಮೀನಿನ ಉಪ್ಪುನೀರಿರುತ್ತದೆ. ಕಟ್ಟುನಿಟ್ಟಿನವರಿಗೆ ಈ ದ್ವೀಪ ಸುಲಭವಲ್ಲ ಎಂಬುದನ್ನು ಒಪ್ಪುತ್ತೇನೆ. ಹಾಗೆಂದು ಎಲ್ಲ ಕನ್ನಡಿಗರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಉಪ್ಪಿಟ್ಟಿನ ಪೊಟ್ಟಣ ಕೈಗೆ ಕೊಡುವುದು ಸರಿಯಲ್ಲ.

ಮಾರುಕಟ್ಟೆಯಲ್ಲಿಯೇ ಒಂದು ಲೋಟ ಶ್ವಿಂದಾರಿ ಕುಡಿದೆ. ಬೇಸಿಗೆಯಲ್ಲಿ ಉಳಿದು ಹಳಸಲು ಬಂದ ಬಾರ್ಲಿ ಅನ್ನಕ್ಕೆ ನೀರು ಮತ್ತು ನುರುಕ್ ಹಾಕಿ ಒಂದೆರಡು ದಿನ ಇಟ್ಟರೆ ಆಗುವ ಹುಳಿ ಪಾನೀಯ ಇದು. ಮದ್ಯದ ಅಂಶ ಅತ್ಯಲ್ಪ, ಮಕ್ಕಳೂ ಮುದುಕರೂ ಕುಡಿಯುತ್ತಿದ್ದರಂತೆ. ಇನ್ನೂ ಹುಳಿಯಾಗದಿರಲೆಂದು ಕುದಿಸಿ ಇಡುವವರೂ ಇದ್ದಾರೆ. ಒಂದು ಹಿಡಿ ಅನ್ನವನ್ನೂ ಚೆಲ್ಲಬಾರದೆಂಬ ಮನೆಯಲ್ಲಿ ಮಾತ್ರ ಇಂಥ ಪಾನೀಯ ಹುಟ್ಟಲು ಸಾಧ್ಯ, ತಂಗಳನ್ನಕ್ಕೆ ಮಜ್ಜಿಗೆ ಹೊಯ್ದು ಉಂಡು ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಿತ್ತಳೆಯ ಕಾಲ ಅದಾಗಿರಲಿಲ್ಲ. ತೋಟಗಳಲ್ಲಿ ಹೂ ಉದುರಿ ಗೋಲಿಯಷ್ಟು ಹಸಿರು ಕಾಯಿ ಕಚ್ಚಿತ್ತು, ಕುಡಿಯಲು ಸಿಕ್ಕಿದ್ದು ಸೀಸೆಯ ರಸ. ಆದರೂ ಆ ಹಣ್ಣಿನ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಜೇಜುವಿನಿಂದ ಕಿತ್ತಳೆ ಬಂದ ಸಂಭ್ರಮಕ್ಕೆ ಜೋಸೊನ್ ಅರಸರು ರಾಜಧಾನಿಯ ವಿದ್ಯಾರ್ಥಿಗಳಿಗೆ ಹಣ್ಣು ಹಂಚಿ ವಿಶೇಷ ಪರೀಕ್ಷೆಯನ್ನೇ ನಡೆಸುತ್ತಿದ್ದರು. ಬೆಳೆದವರ ಪಾಡು ಬೇರೆ. ಅಧಿಕಾರಿಗಳು ಮರದ ಮೇಲಿನ ಕಾಯಿಗಳನ್ನು ಎಣಿಸಿ ಹೋಗುತ್ತಿದ್ದರೆಂದೂ, ಗಾಳಿಗೆ ಉದುರಿದ್ದಕ್ಕೂ ಲೆಕ್ಕ ಕೊಡಬೇಕಾಗಿ ಬಂದ ರೈತರು ಬೇಸತ್ತು ಬುಡಕ್ಕೆ ಬಿಸಿನೀರು ಹೊಯ್ದು ಮರ ಕೊಲ್ಲುತ್ತಿದ್ದರೆಂದೂ ಹೇಳುತ್ತಾರೆ. ಇಂದು ಬೆಳೆಯುವ ತಳಿ ಬೇರೆಯದು. 1911ರಲ್ಲಿ ಎಮಿಲ್ ತಾಕೆ ಎಂಬ ಫ್ರೆಂಚ್ ಪಾದ್ರಿ ಜಪಾನಿನಿಂದ ತರಿಸಿ ನೆಟ್ಟ ಸಸಿಗಳೊಂದಿಗೆ ಅದರ ಕಥೆ ಆರಂಭವಾಗುತ್ತದೆ. 1960 ಮತ್ತು 70ರ ದಶಕಗಳಲ್ಲಿ ಕೆಲವೇ ಮರಗಳ ಆದಾಯದಿಂದ ಒಂದು ಮಗುವನ್ನು ಕಾಲೇಜಿಗೆ ಕಳಿಸಬಹುದಾಗಿತ್ತಾದ್ದರಿಂದ ಅದನ್ನು ‘ವಿಶ್ವವಿದ್ಯಾಲಯದ ಮರ’ ಎಂದೇ ಕರೆಯುತ್ತಿದ್ದರು. ಕೊಡಗಿನ ಕಿತ್ತಳೆಯ ಒಳ್ಳೆಯ ದಿನಗಳನ್ನು ಕಂಡವರಿಗೆ ಈ ಮಾತು ತಟ್ಟದಿರದು.

ಚಹಾತೋಟ ಮತ್ತು ಅದರ ಪಕ್ಕದ ಚಹಾ ವಸ್ತುಸಂಗ್ರಹಾಲಯಕ್ಕೂ ಹೋಗಿದ್ದೆವು. ಹಸಿರು ಚಹಾ ಚೆನ್ನಾಗಿತ್ತು. ಜನ ಸಾಲುಗಟ್ಟಿ ನಿಂತಿದ್ದುದು ಐಸ್‌ಕ್ರೀಮಿಗೆ.

ರಾತ್ರಿಯ ಊಟ ಜೇಜು ನಗರದಲ್ಲಿ, ಕಪ್ಪು ಹಂದಿಯ ಮಾಂಸಕ್ಕೆ ಹೆಸರಾದ ಬೀದಿಯಲ್ಲಿ. ಹಂದಿ ತಿನ್ನುವ ರೂಢಿ ನನಗಿಲ್ಲ, ಮಗಳು ಅಳಿಯ ತಿಂದರು, ನಾನು ಪಕ್ಕದಲ್ಲಿ ಅನ್ನ, ಸೊಪ್ಪು, ಸುಟ್ಟ ಮೀನು ತಿನ್ನುತ್ತಾ ನೋಡಿದೆ. ಕೆಂಡದ ಮೇಲಿನ ಬಲೆಯಲ್ಲಿ ದಪ್ಪ ಮಾಂಸದ ತುಂಡು, ಅದರ ಪಕ್ಕದಲ್ಲೇ ಪುಟ್ಟ ಲೋಹದ ಬಟ್ಟಲಿನಲ್ಲಿ ಮೆಲ್‌ಜೊತ್ ಎಂಬ ಉಪ್ಪು ಹಾಕಿ ಕೊಳೆಸಿದ ನೆತ್ತಿಲಿ ಮೀನಿನ ಗೊಜ್ಜು ಕುದಿಯುತ್ತಿತ್ತು. ಮಾಂಸವನ್ನು ಅದರಲ್ಲಿ ಅದ್ದಿ ತಿನ್ನುವುದು ಜೇಜುವಿನ ಕ್ರಮ. ಗೊಸೊರಿಸುಲ್ ಸೀಸೆ ತೆರೆದದ್ದೂ ಆಗಲೇ, ಕಾರು ವಸತಿಯಲ್ಲಿ ಬಿಟ್ಟು ಬಂದ ಮೇಲೆ. ಜೇಜುವಿನ ಕಪ್ಪು ಹಂದಿಯನ್ನು 2015ರಲ್ಲಿ ಸರ್ಕಾರ ನೈಸರ್ಗಿಕ ಸ್ಮಾರಕವೆಂದು ಘೋಷಿಸಿದೆ. ಆ ಶುದ್ಧ ತಳಿಯನ್ನು ಪ್ರಾಂತ್ಯದ ಪಶುಸಂಗೋಪನಾ ಕೇಂದ್ರದಲ್ಲಿ ಕಾಪಾಡುತ್ತಾರೆ, ತಟ್ಟೆಗೆ ಬರುವುದು ಮಿಶ್ರತಳಿ. ಹಿಂದೆ ಮನೆಯ ಹಿತ್ತಿಲಲ್ಲಿ, ಕಲ್ಲಿನ ಕಕ್ಕಸಿಗೆ ಸೇರಿದಂತೆಯೇ ಹಂದಿಯ ದೊಡ್ಡಿ ಇರುತ್ತಿತ್ತು, ಅದರ ಗೊಬ್ಬರವೇ ಬಾರ್ಲಿ ಹೊಲಕ್ಕೆ ಆಧಾರ. ಹಂದಿಯನ್ನು ಕಡಿಯುತ್ತಿದ್ದುದು ಮದುವೆ ಮತ್ತು ಸಾವಿನ ಮನೆಗಳಲ್ಲಿ. ಆಗ ಮಾಂಸ ಹಂಚುವುದಕ್ಕೆಂದೇ ದೊಗಾಮ್ ಎಂಬ ಅನುಭವಿಯನ್ನು ಕರೆಸುತ್ತಿದ್ದರು. ಹೆಚ್ಚು ಜನ ಬಂದರೆ ತೆಳ್ಳಗೆ, ಕಡಿಮೆ ಬಂದರೆ ದಪ್ಪಗೆ ಕೊಯ್ದು, ಮಾಂಸದ ಮೂರು ಹೋಳು, ರಕ್ತದ ಸಾಸೇಜಿನ ಒಂದು ತುಂಡು, ಒಂದು ತೋಫು ಹೀಗೆ ಪ್ರತಿಯೊಬ್ಬರಿಗೂ ಒಂದೊಂದು ತಟ್ಟೆ ಸಿದ್ಧಪಡಿಸುವುದು ಅವನ ಕೆಲಸ. ಊರಿನ ಹಿರಿಯನಿಗೂ ತಾಯಿಯ ಕಂಕುಳಲ್ಲಿರುವ ಮಗುವಿಗೂ ಪಾಲು ಒಂದೇ. ಮಾಂಸ ಬೇಯಿಸಿದ ನೀರನ್ನು ಚೆಲ್ಲದೆ, ಅದಕ್ಕೆ ಕಡಲಸೊಪ್ಪು ಹಾಕಿ, ಬಕ್‌ವೀಟ್ ಹಿಟ್ಟು ಕರಡಿ ಮಾಡಿದ ಸಾರು ಮೊಮ್‌ಕುಕ್. ಅದು ಮನೆಗೆ ಬಂದವರೆಲ್ಲರ ಹೊಟ್ಟೆ ತುಂಬಿಸುತ್ತಿತ್ತು. ಈ ಪದ್ಧತಿಯ ಬಗ್ಗೆ ತಿಳಿದ ಮೇಲೆ, ಹಂದಿಮಾಂಸ ಮುಟ್ಟದ ನನಗೂ ಆ ಅಡುಗೆಯ ಬಗ್ಗೆ ಗೌರವ ಮೂಡಿತು.

ದರದ ವಿಷಯದಲ್ಲಿ ಮಾತ್ರ ಲೇಖಕರ ಎಚ್ಚರಿಕೆ ನ್ಯಾಯವಾದದ್ದೇ. 2024ರ ವಸಂತದಲ್ಲಿ ಜೇಜುವಿನ ಹೋಟೆಲೊಂದು ಕೊಬ್ಬೇ ತುಂಬಿದ ಹಂದಿಮಾಂಸ ಬಡಿಸಿದ ಚಿತ್ರ ಕೊರಿಯಾದ ತುಂಬ ಹರಿದಾಡಿ, ದ್ವೀಪದ ದುಬಾರಿತನದ ಬಗ್ಗೆ ಅಲ್ಲಿಯ ಜನರೇ ಸಿಟ್ಟಾಗಿದ್ದರು. ನಮಗೂ ಕಡಲಿಗೆ ಎದುರಾದ ಒಂದು ಕಾಫಿ ಅಂಗಡಿಯಲ್ಲಿ ಕೇವಲ ಕಿಟಕಿಗೆಂದೇ ದುಡ್ಡು ತೆತ್ತ ಅನುಭವವಾಯಿತು. ಆದರೆ ಮಾರುಕಟ್ಟೆಯ ಒಳಗಿನ ಗೂಡಂಗಡಿಗಳಲ್ಲಿ, ಹೇನ್ಯೊಗಳ ಊಟದ ಮನೆಗಳಲ್ಲಿ ದರವನ್ನು ಗೋಡೆಯ ಮೇಲೆ ಬರೆದಿರುತ್ತಾರೆ, ಜತೆಗೆ ಕೊಡುವ ಸಣ್ಣ ಪಲ್ಯ ಉಪ್ಪಿನಕಾಯಿಗಳಿಗೆ ಬೇರೆ ದುಡ್ಡಿಲ್ಲ, ಟಿಪ್ಸ್ ಕೊಡುವ ಪದ್ಧತಿಯೂ ಇಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಪ್ರವಾಸ ಪುರವಣಿಯಲ್ಲಿ ಒಂದು ಊರಿನ ಬಗ್ಗೆ ಬರೆಯಿಸುವಾಗ, ಅಲ್ಲಿಯ ಜನ ಏನು ಉಣ್ಣುತ್ತಾರೆ, ಅದನ್ನು ಯಾರು ಬೆಳೆಯುತ್ತಾರೆ ಅಥವಾ ಹಿಡಿಯುತ್ತಾರೆ, ಯಾವ ತಿಂಗಳಲ್ಲಿ ಸಿಗುತ್ತದೆ ಎಂಬುದಕ್ಕೂ ಒಂದು ಅಂಕಣದಷ್ಟು ಜಾಗ ಕೊಡಿ. ನಮ್ಮ ಅಘನಾಶಿನಿಯ ಅಳಿವೆಯಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿಯನ್ನು ಆಯುವ ಹೆಂಗಸರ ಬಗ್ಗೆ, 2024ರಲ್ಲಿ ಆ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ಬಂದ ಮೇಲೂ, ಗೋಕರ್ಣಕ್ಕೆ ಹೋಗುವ ಪ್ರವಾಸಿಗರಿಗೆ ಯಾರೂ ಹೇಳುವುದಿಲ್ಲ. ದಂಡೆಯ ಹೋಟೆಲುಗಳಲ್ಲಿ ಬಳಚಿನ ಸುಕ್ಕವನ್ನು ಹುಡುಕಬೇಕು, ಗೋಬಿ ಮಂಚೂರಿಯನ್ನು ಹುಡುಕಬೇಕಾಗಿಲ್ಲ. ಜೇಜುವಿಗೆ ಹೊರಟಿರುವ ತಮ್ಮ ಓದುಗರಿಗೆ ತಿಂಗಳ ಲೆಕ್ಕ ಹೀಗಿದೆ: ಜಾರಿ ಮತ್ತು ಸೀ ಅರ್ಚಿನ್ ಬೇಕೆನ್ನುವವರು ಜುಲೈ ಮುಗಿಯುವುದರೊಳಗೆ, ಶಂಖುಹುಳು ಬೇಕೆನ್ನುವವರು ಸೆಪ್ಟೆಂಬರಿನ ಮೇಲೆ, ಮರದಿಂದ ಕಿತ್ತ ಕಿತ್ತಳೆ ಬೇಕೆನ್ನುವವರು ನವೆಂಬರ್ ಹೊತ್ತಿಗೆ ಹೋಗಲಿ. ದೊಡ್ಡ ಗಾತ್ರದ ಹಲ್ಲಾಬೊಂಗ್ ಎಂಬ ಕಿತ್ತಳೆ ಬರುವುದು ಜನವರಿಯ ನಂತರ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಕುಮಟಾ
(ಸದ್ಯ ಸುವೋನ್, ದಕ್ಷಿಣ ಕೊರಿಯಾ)